ಅಕ್ಕಾರು ಅಂದ ಒಂದು ‘ಹೂಂ’

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ವಾರ್ಡಿನ ರೋಗಿಗಳು, ರೋಗಿಗಳ ಮನೆಯವರು, ಆಯಾಗಳು, ಅವರನ್ನು ನೋಡಿ ನಮ್ಮ ವಿದ್ಯಾರ್ಥಿನಿಯರು, ಎಲ್ಲರೂ ‘ಅಕ್ಕಾರ’ ಎನ್ನುತ್ತಿದ್ದರು. ಆಡಳಿತದವರು ಮಾತ್ರ ‘ಮೇಡಂ’ ಎನ್ನುತ್ತಿದ್ದರು, ಅದೂ ಅವರ ಮೇಲೆ ಬೇಸರವಾದಾಗ. ಹೋದ ತಿಂಗಳು ಮುಂಡರಗಿಯಲ್ಲಿ ಅಕ್ಕಾರು ತೀರಿಕೊಂಡರು. ಕಾಲೇಜಿನ ಸಭಾಂಗಣದಲ್ಲಿ ಒಂದು ನಿಮಿಷ ಎದ್ದು ನಿಲ್ಲೋಣ ಎಂದು ಆಡಳಿತದವರನ್ನು ಕೇಳಿದೆ. ‘ಆ ಹಳೇದೆಲ್ಲಾ ಈಗ್ಯಾಕ್ರಿ?’ ಎಂದರು. ಅಕ್ಕಾರ ಹೆಸರು ಬರೆದರೆ ಕಾಲೇಜಿನ ಹೆಸರೂ ಬಂದಂತೆ ಎಂಬ ಅಂಜಿಕೆ ಅವರಿಗೆ. ಇರಲಿ, ಹೆಸರಿಲ್ಲದೆಯೇ ಬರೆಯುತ್ತೇನೆ. ಗದಗು-ಬೆಟಗೇರಿಯಲ್ಲಿ ಅವರ ಕೈಕೆಳಗೆ ಕಲಿತವರಿಗೆ ಇಷ್ಟು ಸಾಕು.

ನಾನು ಅಲ್ಲಿಗೆ ಅಂಗರಚನಾಶಾಸ್ತ್ರ ಕಲಿಸಲು ಸೇರಿದಾಗ ನನಗೆ ಕೊಟ್ಟ ಮೇಜು ಅವರ ಮೇಜಿನ ಪಕ್ಕದ್ದು. ಎತ್ತರದ, ಒಣಕಲು ಹೆಂಗಸು. ನೂಲಿನ ಸೀರೆಯ ಮೇಲೆ ಬಿಳಿ ಕೋಟು, ಕನ್ನಡಕಕ್ಕೆ ಕಟ್ಟಿದ ಕರಿ ದಾರ. ಮದುವೆಯಾಗಿರಲಿಲ್ಲ. ಬೆಟಗೇರಿಯಲ್ಲಿ ಒಂದು ಖೋಲಿ ಹಿಡಿದಿದ್ದರು. ಗೋಡೆಯ ಆಚೆ ಮಗ್ಗದ ಸದ್ದು. ಭಾನುವಾರ ಮುಂಡರಗಿಗೆ ಹೋಗಿ ತಾಯಿಯ ತಲೆ ಎರೆದು ಬರುವುದೇ ಅವರ ರಜೆ. ಊಟಕ್ಕೆ ಕುಳಿತಾಗ ನನ್ನ ಡಬ್ಬಿಯೊಳಗೆ ಕೇಳದೆ ಕೈ ಹಾಕಿ ಒಂದು ತುತ್ತು ಪಲ್ಯ ತೆಗೆದುಕೊಳ್ಳುತ್ತಿದ್ದರು. ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು, ಮೇಲೆ ಶೇಂಗಾ ಚಟ್ನಿ ಹಾಕಿ, ನನ್ನ ಮುಂದೆ ಇಡುತ್ತಿದ್ದರು. ಸ್ನೇಹ ಅಂತ ಅವರು ತೋರಿಸುತ್ತಿದ್ದುದು ಅಷ್ಟೇ. ಬಾಯಿಮಾತಿನ ಪ್ರೀತಿ ಅವರಿಗೆ ಬರುತ್ತಿರಲಿಲ್ಲ.

ಅವರು ಕಲಿಸುತ್ತಿದ್ದುದು ಔಷಧಶಾಸ್ತ್ರ. ಬೆಳ್ಳಟ್ಟಿ, ಶಿಗ್ಲಿ, ಮಾಗಡಿ ಕಡೆಯಿಂದ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಯರಿಗೆ ಆ ವಿಷಯವೆಂದರೆ ಎದೆ ಧಸಕ್ ಎನ್ನುತ್ತಿತ್ತು. ಔಷಧಿಗಳ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಮೊದಲ ದಿನ ಅಕ್ಕಾರು ಪುಸ್ತಕ ತರುತ್ತಿರಲಿಲ್ಲ. ಹೊದಿಕೆ ಬಿಡಿಸಿದ ಬಿಳಿ ಗುಳಿಗೆಗಳನ್ನು ಒಂದು ಸ್ಟೀಲ್ ತಾಟಿಗೆ ಸುರುವಿ ಬೆಂಚಿನಿಂದ ಬೆಂಚಿಗೆ ಕಳಿಸುತ್ತಿದ್ದರು.

‘ಇದರಾಗ ಜ್ವರದ್ದು ಯಾವುದು, ಸಕ್ಕರಿ ಬ್ಯಾನಿದು ಯಾವುದು, ಬಿಪಿದು ಯಾವುದು, ಆರಿಸ್ರಿ ನೋಡೂಣು.’

ಹುಡುಗಿಯರು ಮೂಸಿ ನೋಡುವರು, ಉಗುರಿನಿಂದ ಕೆರೆದು ನೋಡುವರು. ಯಾರಿಗೂ ಆಗುತ್ತಿರಲಿಲ್ಲ.

‘ನನಗೂ ಆಗೂದಿಲ್ಲ,’ ಎನ್ನುತ್ತಿದ್ದರು. ‘ಗುಳಿಗಿಗೆ ಬಾಯಿಲ್ಲ. ತಾ ಯಾರಂತ ತಾ ಹೇಳೂದಿಲ್ಲ. ಮ್ಯಾಲೆ ಬರದದ್ದನ್ನ ನೀವ ಓದಬೇಕು. ಕೈಯಾಗ ತಗೊಳ್ಳೂವಾಗ ಒಮ್ಮೆ, ಸಿರಿಂಜಿಗೆ ಎಳಕೊಳ್ಳೂವಾಗ ಒಮ್ಮೆ, ಖಾಲಿ ಬಾಟ್ಲಿ ಕೆಳಗ ಇಡೂವಾಗ ಇನ್ನೊಮ್ಮೆ. ಓದಲಾರದ ಕೊಟ್ರ ನೀವು ನರ್ಸ್ ಅಲ್ಲ, ಬರೇ ಒಂದು ಕೈ.’

ಔಷಧ ಮೈಯೊಳಗೆ ಹೋಗಿ ಏನಾಗುತ್ತದೆ ಎಂಬುದನ್ನು ಅವರು ಮನೆಗೆ ಬಂದ ಬೀಗರ ಲೆಕ್ಕದಲ್ಲಿ ಹೇಳುತ್ತಿದ್ದರು. ಯಾವ ಬಾಗಿಲಿನಿಂದ ಬಂದರು, ಯಾವ ಖೋಲಿಯಲ್ಲಿ ಕೂತರು, ಅಲ್ಲಿ ಏನೇನು ಮಾಡಿದರು, ಯಾವ ಬಾಗಿಲಿನಿಂದ ಹೊರಗೆ ಹೋದರು. ‘ಕಿಡ್ನಿ ಕೆಟ್ಟವರಿಗೆ ಹೋಗೂ ಬಾಗಲಾನ ಮುಚ್ಚಿರತೈತಿ. ಹಳೇ ಬೀಗರು ಇನ್ನೂ ಒಳಗ ಅದಾರ, ನೀವು ಮತ್ತ ಹೊಸಬರನ್ನ ಕರೀತೀರಿ. ಆ ಮನಿ ಉಳೀತೈತೇನು?’ ಹುಡುಗಿಯರು ನಗುವರು. ಅಕ್ಕಾರು ನಗುತ್ತಿರಲಿಲ್ಲ, ನಗು ಮುಗಿಯುವವರೆಗೆ ಸೀಮೆಸುಣ್ಣ ಹಿಡಿದು ನಿಂತಿರುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಆಗದಿದ್ದ ಮಾತೆಂದರೆ ‘ಹೂಂ’. ನಮ್ಮ ಕಡೆಯ ಹಳಬರು ಆಸ್ಪತ್ರೆಯಲ್ಲಿ ಏನು ಕೇಳಿದರೂ ‘ಹೂಂ’ ಎನ್ನುತ್ತಾರೆ. ಬಿಳಿ ಬಟ್ಟೆಯವರಿಗೆ ಇಲ್ಲವೆನ್ನಬಾರದು ಎಂಬ ಮರ್ಯಾದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಗುಳಿಗೆಯ ತಟ್ಟೆ ಹಿಡಿದು ಮುದುಕರೊಬ್ಬರಿಗೆ ‘ನೀವು ಬಸಪ್ಪ ಅಲ್ರೀ?’ ಎಂದಳು. ಅವರು ‘ಹೂಂ’ ಎಂದರು. ಹಿಂದೆ ನಿಂತಿದ್ದ ಅಕ್ಕಾರು ತಟ್ಟೆ ಕಿತ್ತುಕೊಂಡು, ‘ಅಜ್ಜಾರ, ನಿಮ್ಮ ಹೆಸರು ಏನ್ರಿ?’ ಎಂದು ಕೇಳಿದರು. ‘ಫಕೀರಪ್ಪ ರೀ,’ ಎಂದರು ಮುದುಕರು.

‘ಕೇಳಿದ್ಯಾ? ಹೆಸರನ್ನ ನೀ ಹೇಳಬಾರದು, ಅವರ ಬಾಯಿಲೆ ಹೇಳಸಬೇಕು. ಹೂಂ ಅನ್ನೂದು ಉತ್ತರ ಅಲ್ಲ ಯವ್ವಾ. ಅದು ಬರೇ ಸಪ್ಪಳ.’

ಡಾಕ್ಟರರನ್ನೂ ಬಿಡುತ್ತಿರಲಿಲ್ಲ. ಫೋನಿನಲ್ಲಿ ಯಾರಾದರೂ ಡೋಸು ಹೇಳಿದರೆ, ‘ಫಿಫ್ಟೀನೋ ಫಿಫ್ಟಿಯೋ ತಿಳೀಲಿಲ್ರಿ ಸರ್. ಒಂದು-ಐದೋ, ಐದು-ಸೊನ್ನಿಯೋ?’ ಎಂದು ಬಿಡಿಸಿ ಹೇಳಿಸಿಕೊಳ್ಳುವರು. ಹೊಸದಾಗಿ ಬಂದ ಡಾಕ್ಟರೊಬ್ಬ, ‘ನಿಮಗೆ ಕಿವಿ ಕೇಳ್ಸಲ್ವಾ?’ ಎಂದು ಗದರಿದ್ದ. ‘ಕೇಳತಾವ್ರಿ ಸರ್. ಅದಕ್ಕ ಕೇಳಾಕತ್ತೀನಿ,’ ಎಂದು ಇವರು ತಣ್ಣಗೆ ಹೇಳಿದ್ದರು. ಇಂಥದ್ದರಿಂದ ಅವರಿಗೆ ಬೇಕಾದವರಿಗಿಂತ ಬೇಡವಾದವರೇ ಹೆಚ್ಚಾಗಿದ್ದರು.

ಇಷ್ಟು ಎಚ್ಚರದ ಹೆಂಗಸಿಗೆ ಹಾಗಾಯಿತು. ಅದನ್ನು ಹೇಳದೆ ಅಕ್ಕಾರನ್ನು ಕುರಿತು ಬರೆದರೆ ಅದು ಅವರನ್ನು ಕುರಿತದ್ದಾಗುವುದಿಲ್ಲ.

ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಒಬ್ಬಾತ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿಸಿಕೊಂಡು ನಮ್ಮ ಗಂಡಸರ ವಾರ್ಡಿಗೆ ಸೇರಿದ್ದ. ನಲವತ್ತರ ಒಳಗಿನ ಮುಸಲ್ಮಾನ, ಮಾತುಗಾರ. ಪಕ್ಕದ ಮಂಚದವರಿಗೆಲ್ಲ ನಿಮ್ಮ ಗಾದಿಯ ಹತ್ತಿ ಹೇಗೆ ಗಂಟುಕಟ್ಟಿದೆ ನೋಡಿರಿ ಎಂದು ಒತ್ತಿ ತೋರಿಸುತ್ತಿದ್ದ. ಕಾಲಿನ ಬಾವು ಇಳಿದಿತ್ತು. ನಾಳೆ ಮನೆಗೆ ಹೋಗಬಹುದು ಎಂದು ಡಾಕ್ಟರು ಮುಂಜಾನೆಯ ಸುತ್ತಿನಲ್ಲಿ ಹೇಳಿ ಹೋಗಿದ್ದರು. ಹೆಂಡತಿ ಮಗಳನ್ನು ಕರೆದುಕೊಂಡು ಕೆಳಗೆ ಚಹಾ ಕುಡಿಯಲು ಹೋಗಿದ್ದಳು.

ಅವನಿಗೆ ಕೊಡಬೇಕಾದ ಇಂಜೆಕ್ಷನ್ ಪುಡಿಯ ರೂಪದಲ್ಲಿ ಬರುತ್ತದೆ. ಅದಕ್ಕೆ ಶುದ್ಧ ನೀರು ಬೆರೆಸಿ, ಕರಗಿಸಿ, ನರಕ್ಕೆ ಕೊಡಬೇಕು. ಆ ನೀರು ಸಣ್ಣ ಪ್ಲಾಸ್ಟಿಕ್ ಕುಪ್ಪಿಯಲ್ಲಿರುತ್ತದೆ. ಪೊಟ್ಯಾಸಿಯಂ ಎಂಬ ಇನ್ನೊಂದು ಔಷಧವಿದೆ. ಸಲಾಯಿನ್ ಬಾಟಲಿಯಲ್ಲಿ ಬೆರೆಸಿ ತಾಸುಗಟ್ಟಲೆ ಹನಿ ಹನಿಯಾಗಿ ಬಿಡಬೇಕಾದದ್ದು. ನೇರವಾಗಿ ನರಕ್ಕೆ ಕೊಟ್ಟರೆ ಹೃದಯ ನಿಂತುಬಿಡುತ್ತದೆ. ಅದು ಮೊದಲು ಗಾಜಿನ ಕುಪ್ಪಿಯಲ್ಲಿ ಬರುತ್ತಿತ್ತು. ಆ ವಾರ ಬೇರೆ ಕಂಪನಿಯ ಮಾಲು ಬಂದಿತ್ತು, ಅದೂ ಪ್ಲಾಸ್ಟಿಕ್ಕಿನಲ್ಲಿ, ನೀರಿನ ಕುಪ್ಪಿಯದೇ ಆಕಾರ, ಅದರದೇ ಬಣ್ಣ. ಯಾರೋ ಎರಡನ್ನೂ ಒಂದೇ ಡಬ್ಬಿಗೆ ಸುರುವಿದ್ದರು. ಪೊಟ್ಯಾಸಿಯಂ ವಾರ್ಡಿನಲ್ಲಿ ಇಡಬೇಡಿ, ಬೇರೆ ಕಪಾಟಿನಲ್ಲಿ ಕೀಲಿ ಹಾಕಿ ಇಡಿ ಎಂದು ಅಕ್ಕಾರು ಎಷ್ಟೋ ಸಲ ಸ್ಟೋರಿನವರಿಗೆ ಹೇಳಿದ್ದರು. ‘ಆತು ಮೇಡಂ, ನೋಡೂಣು’ ಎಂದು ಅವರೂ ಅಷ್ಟೇ ಸಲ ಹೇಳಿದ್ದರು.

ಇಂಜೆಕ್ಷನ್ ಕೊಡಲು ನಿಂತವಳು ಬೆಳ್ಳಟ್ಟಿಯ ಹುಡುಗಿ, ಎರಡನೆಯ ವರ್ಷದವಳು. ಮೆತ್ತಗಿನ ದನಿಯ, ಜಾಗ್ರತೆಯ ಹುಡುಗಿ. ವಿದ್ಯಾರ್ಥಿನಿಯರು ಕುಪ್ಪಿ ಒಡೆಯುವ ಮೊದಲು ಅದನ್ನು ಅಕ್ಕಾರಿಗೆ ತೋರಿಸಿ ಹೆಸರು ಹೇಳಬೇಕು. ಅಕ್ಕಾರು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ತಾವೂ ಓದಿ ಕೊಡುವರು. ಆ ಹೊತ್ತಿಗೆ ಪಕ್ಕದ ಮಂಚದ ಮುದುಕರೊಬ್ಬರು ಸಲಾಯಿನ್ ಸೂಜಿ ಕಿತ್ತುಕೊಂಡು ಹಾಸಿಗೆಯೆಲ್ಲ ರಕ್ತ ಮಾಡಿಕೊಂಡಿದ್ದರು. ಅಕ್ಕಾರು ಅವರ ಕೈ ಒತ್ತಿ ಹಿಡಿದಿದ್ದರು. ಬೆನ್ನ ಹಿಂದೆ ಹುಡುಗಿ ಕುಪ್ಪಿ ಎತ್ತಿ ಹಿಡಿದು, ‘ನೀರು ರೀ ಅಕ್ಕಾರ,’ ಎಂದಳು.

ಅಕ್ಕಾರು ತಿರುಗಲಿಲ್ಲ. ‘ಹೂಂ,’ ಎಂದರು.

ಔಷಧ ಹೋಗುತ್ತಿದ್ದಾಗ ಅವನು, ‘ಕೈ ಭಾಳ ಉರೀತೈತಿ ಬೇಟಾ,’ ಎಂದನಂತೆ. ‘ಮುಗೀತ್ರಿ ಕಾಕಾ, ಆತು,’ ಎಂದಳಂತೆ ಹುಡುಗಿ. ಎದುರಿನ ವಾರ್ಡಿನಲ್ಲಿದ್ದ ನಾನು ಕೂಗು ಕೇಳಿ ಓಡಿ ಬಂದಾಗ ಅಕ್ಕಾರು ಮಂಚದ ಮೇಲೆ ಮೊಣಕಾಲೂರಿ ಅವನ ಎದೆ ಒತ್ತುತ್ತಿದ್ದರು. ಡಾಕ್ಟರು ಬಂದರು, ಯಂತ್ರ ತಂದರು. ಏನು ಮಾಡಿದರೂ ಹೃದಯ ಮತ್ತೆ ಹತ್ತಲಿಲ್ಲ. ಎಲ್ಲ ಮುಗಿದ ಮೇಲೆ ಅಕ್ಕಾರು ಟ್ರೇ ಹತ್ತಿರ ಬಂದು ಖಾಲಿ ಕುಪ್ಪಿಯನ್ನು ಕೈಗೆ ತೆಗೆದುಕೊಂಡು ಓದಿದರು. ಅವರ ಮುಖ ನೋಡಿಯೇ ಹುಡುಗಿಗೆ ತಿಳಿಯಿತು. ಗೋಡೆಗೆ ಒರಗಿ ಹಾಗೇ ಕೆಳಗೆ ಕುಳಿತುಬಿಟ್ಟಳು.

ಅಕ್ಕಾರು ಕುಪ್ಪಿಯನ್ನು ಡಾಕ್ಟರ ಕೈಗೆ ಕೊಟ್ಟರು. ಅವರು ಅದನ್ನು ಎರಡು ಸಲ ನೋಡಿ ಆಡಳಿತದವರ ಖೋಲಿಗೆ ಹೋದರು. ಹೊರಗೆ ಬಂದಾಗ ಮಾತು ತಯಾರಾಗಿತ್ತು: ಹಾರ್ಟ್ ಅಟ್ಯಾಕ್. ಆ ಮನೆಯವರು ಅದನ್ನು ನಂಬಿದರು. ಹೆಂಡತಿ ಮಗಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. ಅಪರಾಹ್ನದ ಹೊತ್ತಿಗೆ ಹೆಣ ಲಕ್ಷ್ಮೇಶ್ವರಕ್ಕೆ ಹೋಯಿತು.

ಸಂಜೆ ನಮ್ಮನ್ನೆಲ್ಲ ಕರೆಸಿದರು. ಆಡಳಿತ ಮಂಡಳಿಯ ಹಿರಿಯರೊಬ್ಬರು, ಹುಡುಗಿಯನ್ನು ಸದ್ದಿಲ್ಲದೆ ಮನೆಗೆ ಕಳಿಸುತ್ತೇವೆ, ಯಾರೂ ಬಾಯಿ ಬಿಡಬಾರದು ಎಂದರು.

‘ಹುಡುಗಿ ನನ್ನ ಕೇಳ್ಯಾಳ್ರಿ,’ ಎಂದರು ಅಕ್ಕಾರು. ‘ನಾ ನೋಡಲಾರದ ಹೂಂ ಅಂದೀನಿ. ಕಳಸೂದಿದ್ರ ನನ್ನ ಕಳಸ್ರಿ.’

‘ನೀವು ಹಂಗೆಲ್ಲಾ ಮಾತಾಡಬ್ಯಾಡ್ರಿ ಮೇಡಂ. ನಿಮ್ಮನ್ನ ಕಳಿಸಿದ್ರ ನಾಲ್ಕು ಮಂದಿ ಯಾಕಂತ ಕೇಳತಾರ.’

ಕೊನೆಗೆ ಇಬ್ಬರೂ ಇರಲಿ, ಎಲ್ಲರೂ ಸುಮ್ಮನಿರಲಿ ಎಂದಾಯಿತು.

ಮರುದಿನ ಹುಡುಗಿ ಹಾಸ್ಟೆಲಿನಿಂದ ಹೊರಗೆ ಬರಲಿಲ್ಲ. ಅಕ್ಕಾರು ತಾವೇ ಹೋಗಿ ಕೈಹಿಡಿದು ವಾರ್ಡಿಗೆ ಕರೆತಂದರು. ಒಂದು ಕುಪ್ಪಿ ಅವಳ ಕೈಗೆ ಕೊಟ್ಟು, ‘ಓದು,’ ಎಂದರು. ಕುಪ್ಪಿ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಕೊಟ್ಟರು. ಹುಡುಗಿ ಅಳುತ್ತಾ, ‘ನನ್ನ ಬಿಟ್ಟುಬಿಡ್ರಿ ಅಕ್ಕಾರ, ನಾ ಮನಿಗೆ ಹೋಗತೀನಿ,’ ಎಂದಳು.

‘ಹೋಗಂತಿ. ಇದನ್ನ ಓದಿ ಹೋಗು. ಇವತ್ತು ಕೈಬಿಟ್ರ ಎಂದೂ ಹಿಡಿಯೂದಿಲ್ಲ ನೀ.’

ಅವಳು ಓದಿದಳು. ಅಕ್ಕಾರು ಕುಪ್ಪಿ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ತಾವೂ ಓದಿದರು. ಇಬ್ಬರೂ ಸೇರಿ ಆ ಮುಂಜಾನೆಯ ಎಲ್ಲ ಮಂಚಗಳಿಗೂ ಔಷಧ ಕೊಟ್ಟರು. ಹುಡುಗಿ ಮನೆಗೆ ಹೋಗಲಿಲ್ಲ.

ಆದರೆ ಅಕ್ಕಾರಿಗೆ ಕಲಿಸುವುದಾಗಲಿಲ್ಲ. ತರಗತಿಗೆ ಹೋಗುವರು, ಹಲಗೆಯ ಮೇಲೆ ಪಾಠದ ಹೆಸರು ಬರೆಯುವರು, ಕುರ್ಚಿಯಲ್ಲಿ ಕುಳಿತುಬಿಡುವರು. ಡಬ್ಬಿ ಬಿಚ್ಚುವರು, ಮತ್ತೆ ಮುಚ್ಚುವರು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಕಡೆ ನೋಡದೆ ಹೇಳಿದರು:

‘ಲಕ್ಷ್ಮೇಶ್ವರಕ್ಕ ಹೋಗಿ ಬರತೀನವಾ. ಅವರಿಗೆ ಹೇಳಬೇಕು.’

ನಾನು ಗಾಬರಿಯಾದೆ. ‘ಬ್ಯಾಡ್ರಿ ಅಕ್ಕಾರ. ಹೇಳಿದ್ರ ಸತ್ತಾಂವ ಬರತಾನೇನು? ಸುಮ್ಮನ ಆ ಹುಡುಗಿ ಜೀವನ ಹಾಳಾಗತೈತಿ.’

‘ಹುಡುಗಿ ಹೆಸರು ನಾ ಹೇಳೂದಿಲ್ಲ. ಆದ್ರ ಆ ಮನ್ಯಾಗ ಹಾರ್ಟಿನ ಬ್ಯಾನಿ ಅಂತ ತಿಳಕೊಂಡಾರ. ಅವನಿಗೆ ಮಗಳದಾಳ. ನಾಳೆ ಆಕಿಗೆ ಎದಿಯೊಳಗ ಸ್ವಲ್ಪ ಚುಳುಕ್ ಅಂದ್ರ ಸಾಕು, ನಮ್ಮಪ್ಪನಂಗ ನಂದೂ ಅಂತ ಅಂಜತಾಳ. ಇಲ್ಲದ ಬ್ಯಾನಿ ಹೊತಗೊಂಡು ಜೀವನಪೂರ್ತಿ ಬದುಕಬೇಕೇನು ಆ ಕೂಸು?’

ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ. ಬಸ್ಸು ಮಾಗಡಿ ಕೆರೆಯ ಹತ್ತಿರ ಬಂದಾಗ ನೀರಿನ ತುಂಬ ಹೊರದೇಶದ ಬಾತುಗಳು ಕುಳಿತಿದ್ದವು. ಬಸ್ಸಿನವರೆಲ್ಲ ಆ ಕಡೆ ಬಗ್ಗಿ ನೋಡಿದರು. ಅಕ್ಕಾರು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೇ ಇದ್ದರು.

ಗಾದಿಯವನ ಮನೆ ಸಣ್ಣದು. ಮುಂದಿನ ಖೋಲಿಯಲ್ಲಿ ಅರ್ಧ ಹೊಲಿದ ಗಾದಿಯೊಂದನ್ನು ಸುತ್ತಿ ನಿಲ್ಲಿಸಿತ್ತು. ಗಂಡ ತೀರಿದ ಮೇಲೆ ಹೆಂಗಸು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಅವು, ಅವನ ಹೆಂಡತಿ ಒಳಖೋಲಿಯಲ್ಲಿದ್ದಳು. ಸತ್ತವನ ತಾಯಿ ಬಾಗಿಲಿಗೆ ಬಂದು, ಮಗನನ್ನು ನೋಡಲು ವಾರ್ಡಿಗೆ ಬಂದಾಗ ಕಂಡಿದ್ದ ಅಕ್ಕಾರ ಗುರುತು ಹಿಡಿದರು.

‘ಬರ್ರಿ ಯವ್ವಾ, ಬರ್ರಿ. ನನ್ನ ಮಗನ ಎದಿ ಒತ್ತಿ ಒತ್ತಿ ನಿಮ್ಮ ಕೈ ಸೋತಿದ್ವಂತ, ಸೊಸಿ ಹೇಳಿದ್ಳು. ಅಲ್ಲಾ ನಿಮ್ಮನ್ನ ಚಲೋ ಇಡಲಿ.’ ಹೀಗೆಂದು ಅಕ್ಕಾರ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಮುದುಕಿ ನಮ್ಮನ್ನು ಒಳಗೆ ಕೂರಿಸಿ ಚಹಾ ಮಾಡಲು ಹೋದರು.

ಒಳಗೆ ನಾವು ಮೂವರೇ. ಅಕ್ಕಾರು ಚಾಪೆಯ ಮೇಲೆ ಆ ಹೆಂಗಸಿನ ಎದುರು ಕುಳಿತು ಎಲ್ಲವನ್ನೂ ಹೇಳಿದರು. ಸುತ್ತುಬಳಸಲಿಲ್ಲ. ಹುಡುಗಿಯ ಮಾತೇ ಬರದಂತೆ, ‘ನನ್ನ ಕೈಯಾಗ ಆತು,’ ಎಂದರು. ‘ನಿಮ್ಮ ಮನಿಯವರಿಗೆ ಹಾರ್ಟ್ ಅಟ್ಯಾಕ್ ಆಗಿದ್ದಲ್ಲ. ನೀರು ಅಂತ ತಿಳದು ಬ್ಯಾರೆ ಔಷಧ ಹೋತು. ನಾ ನೋಡಬೇಕಾಗಿತ್ತು, ನೋಡಲಿಲ್ಲ. ನೀವು ಕೇಸ್ ಮಾಡೂದಿದ್ರ ಕೋರ್ಟಿಗೆ ಬಂದು ನಾ ಇದನ್ನ ಹೇಳತೀನಿ.’

ಅತ್ತೆ ಅಡುಗೆಮನೆಯಲ್ಲಿ ಕಪ್ಪು-ಬಸಿ ತೊಳೆಯುವ ಸದ್ದು ಕೇಳುತ್ತಿತ್ತು. ಆ ಹೆಂಗಸು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

‘ನನ್ನ ಅತ್ತಿಗೆ ಹೇಳಬ್ಯಾಡ್ರಿ.’

‘ಅವರಿಗೂ ಗೊತ್ತಾಗಬೇಕಲ್ಲವಾ...’

‘ಬ್ಯಾಡ್ರಿ. ದೇವರ ಮರ್ಜಿ ಅಂತ ಮುದುಕಿ ಒಂದು ತುತ್ತು ಉಣ್ಣಾಕತ್ತೈತಿ. ದೇವರಲ್ಲ, ಮನಶ್ಯಾರ ಮಾಡಿದ್ದು ಅಂದ್ರ ಆ ತುತ್ತೂ ಬಿಡತೈತಿ. ಯಾರಿಗೂ ಹೇಳಬ್ಯಾಡ್ರಿ.’ ಆಮೇಲೆ ಅಕ್ಕಾರ ಕಡೆ ತಿರುಗಿದಳು. ‘ನನಗರೆ ಯಾಕ ಹೇಳಿದ್ರಿ ಅಕ್ಕಾರ? ನೀವು ಹೇಳಿ ಹಗರ ಆದ್ರಿ. ನಾ ಇದನ್ನ ಎಲ್ಲಿ ಇಳಸಲಿ?’

ಮುದುಕಿ ಚಹಾ ತಂದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಬಸಿಯನ್ನು ನಮ್ಮ ಮುಂದೆ ಇಟ್ಟಳು. ‘ಕುಡೀರಿ, ಆರತೈತಿ,’ ಎಂದಳು. ನಾವು ಕುಡಿದೆವು. ಅಂಥ ಚಹಾ ನಾನು ಮತ್ತೆ ಎಂದೂ ಕುಡಿದಿಲ್ಲ. ಹೊರಡುವಾಗ ಅಕ್ಕಾರು ತಮ್ಮ ಫೋನ್ ನಂಬರನ್ನು ಆ ಹೆಂಗಸಿಗೆ ಹೇಳಿದರು. ‘ಏನರ ಬೇಕಾದ್ರ, ಬೈಯಬೇಕನಿಸಿದ್ರೂ, ಫೋನ್ ಮಾಡ್ರಿ,’ ಎಂದರು. ಅವಳು ನಂಬರು ಹಾಕಿಕೊಂಡಳೋ ಇಲ್ಲವೋ ನಾನು ನೋಡಲಿಲ್ಲ.

ಆ ಹೆಂಗಸು ಯಾರಿಗೂ ಹೇಳಲಿಲ್ಲ. ಕೇಸೂ ಆಗಲಿಲ್ಲ. ಅಕ್ಕಾರು ಸುಮ್ಮನಿದ್ದಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಆದರೆ ಮರುದಿನ ಅವರು ನೇರವಾಗಿ ಆಡಳಿತದವರ ಖೋಲಿಗೆ ಹೋಗಿ, ‘ನಾ ಹೋಗಿ ಹೇಳಿ ಬಂದೀನ್ರಿ. ನಿಮಗ ಗೊತ್ತಿರಲಿ ಅಂತ ಬಂದೆ,’ ಎಂದರು. ಆಗಿಂದಾಗಲೇ ಅವರನ್ನು ಕೆಲಸದಿಂದ ತೆಗೆದರು. ಅಕ್ಕಾರು ಮೇಜಿನ ಖಾನೆಯಲ್ಲಿದ್ದ ಕನ್ನಡಕದ ಡಬ್ಬಿ, ಕಪ್ಪು, ಒಂದು ಟವೆಲ್ಲು ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಮುಂಡರಗಿಗೆ ಹೋದರು. ವಿದ್ಯಾರ್ಥಿನಿಯರಿಗೆ, ಅವರ ತಾಯಿಗೆ ಆರಾಮಿಲ್ಲ ಎಂದು ಹೇಳಲಾಯಿತು.

ಆಮೇಲೆ ಅವರು ಬೇರೆ ಕಾಲೇಜುಗಳಿಗೆ ಹೋಗಿ ಕೇಳಿದರು. ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು; ಎಲ್ಲ ಕಡೆ ಆದರದಿಂದ ಕೂರಿಸಿ, ತಿಳಿಸುತ್ತೇವೆ ಎಂದು ಕಳಿಸಿದರು. ಹೀಗೇ ಒಂದು ಕಾಲೇಜಿನವರು ನನ್ನ ಮುಂದೆಯೇ ಬಾಯಿಬಿಟ್ಟು ಹೇಳಿದರು: ‘ಚಲೋ ಕಲಸತಾರ, ಖರೆ. ಆದ್ರ ನಾಳೆ ನಮ್ಮಲ್ಲೂ ಏನರೆ ಆದ್ರ ಹೋಗಿ ಹೇಳಿಬಿಡತಾರಲ್ರಿ.’ ತಪ್ಪು ಮಾಡಿದವರೆಂದು ಯಾರೂ ಅವರನ್ನು ಬಿಟ್ಟದ್ದಲ್ಲ. ತಪ್ಪುಗಳು ಎಲ್ಲ ಕಡೆಯೂ ಆಗುತ್ತಿದ್ದವು. ಹೇಳುವವರು ಬೇಡವಾಗಿದ್ದರು.

ಮುಂಡರಗಿಯಲ್ಲಿ ಅವರು ಒಂದು ಸೂಜಿಯನ್ನೂ ಮುಟ್ಟಲಿಲ್ಲ. ಓಣಿಯ ದವಾಖಾನೆಯವರು ಕರೆದರೂ ಹೋಗಲಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಓಣಿಯ ಮುದುಕ ಮುದುಕಿಯರು ಗುಳಿಗೆಯ ಚೀಲ ತಂದು ಅವರ ಮಡಿಲಿಗೆ ಸುರುವುತ್ತಿದ್ದರು. ಒಮ್ಮೆ ನಾನು ಹೋಗಿದ್ದಾಗ ಒಬ್ಬ ಅಜ್ಜಿ, ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದೆ, ಬಚ್ಚಲಲ್ಲಿ ಬಿದ್ದೆ ಎಂದು ಅತ್ತಳು. ಅಕ್ಕಾರು ಅವಳ ಚೀಲದಿಂದ ಎರಡು ಹಾಳೆ ಗುಳಿಗೆ ಹೊರತೆಗೆದರು, ಒಂದು ಗದಗಿನ ಡಾಕ್ಟರು ಕೊಟ್ಟದ್ದು, ಇನ್ನೊಂದು ಮುಂಡರಗಿಯ ಡಾಕ್ಟರು ಕೊಟ್ಟದ್ದು. ಕಂಪನಿ ಬೇರೆ, ಬಣ್ಣ ಬೇರೆ, ಹಿಂದೆ ಸಣ್ಣ ಅಕ್ಷರದಲ್ಲಿದ್ದ ಔಷಧದ ಹೆಸರು ಒಂದೇ. ಬಿಪಿಯ ಅದೇ ಗುಳಿಗೆಯನ್ನು ಅಜ್ಜಿ ಇಮ್ಮಡಿ ನುಂಗುತ್ತಿದ್ದಳು.

‘ಎರಡನ್ನೂ ಡಾಕ್ಟರ ಮುಂದ ಒಂದ ಸಲ ಇಟ್ಟು ಕೇಳಬೇ,’ ಎಂದರು. ‘ಅವರಿಗೆ ಇವರು ಕೊಟ್ಟದ್ದು ಗೊತ್ತಿಲ್ಲ, ಇವರಿಗೆ ಅವರು ಕೊಟ್ಟದ್ದು ಗೊತ್ತಿಲ್ಲ.’ ಅಜ್ಜಿಗೆ ಅದನ್ನು ಮತ್ತೆ ತಿರುಗಿ ಹೇಳಲು ಹಚ್ಚಿ, ಅವಳು ಸರಿಯಾಗಿ ಹೇಳುವವರೆಗೆ ಬಿಡಲಿಲ್ಲ.

ನಾನು ಹೋದಾಗಲೆಲ್ಲ ಬೆಳ್ಳಟ್ಟಿಯ ಹುಡುಗಿಯನ್ನು ಕೇಳುತ್ತಿದ್ದರು. ಅವಳು ಪಾಸಾದಳು; ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಕೆಲಸಕ್ಕೆ ಸೇರಿದಳು; ಒಳ್ಳೆಯ ಹೆಸರು ತೆಗೆದುಕೊಂಡಳು. ಆದರೆ ಒಮ್ಮೆಯೂ ಮುಂಡರಗಿಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ನನಗೆ ಸಿಟ್ಟು ಬಂದು ಒಮ್ಮೆ ಅದನ್ನೇ ಅಂದುಬಿಟ್ಟೆ. ಅಕ್ಕಾರು ತಲೆ ಅಲ್ಲಾಡಿಸಿದರು.

‘ಬರಬಾರದವಾ ಆಕಿ. ನನ್ನ ಮಾರಿ ನೋಡಿದ್ರ ಆಕಿಗೆ ಅದ ನೆನಪಾಗತೈತಿ. ಮರತು ಕೆಲಸ ಮಾಡಲಿ.’

‘ಮರತಿರತಾಳೇನ್ರಿ?’

ಅವರು ಮಡಿಲಲ್ಲಿದ್ದ ಗುಳಿಗೆಯ ಹಾಳೆಯನ್ನು ತಿರುವಿ, ಹಿಂದಿನ ಅಕ್ಷರ ಓದತೊಡಗಿದರು.

ಈಗ ನಮ್ಮ ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ಬೇರೆ ಕಪಾಟಿನಲ್ಲಿ ಕೀಲಿಯೊಳಗಿದೆ. ಅಕ್ಕಾರು ಹೋದ ಕೆಲವೇ ದಿನಗಳಲ್ಲಿ ಯಾವ ಸುದ್ದಿಯೂ ಇಲ್ಲದೆ ಅದು ಆಯಿತು. ಹೊಸ ಹುಡುಗಿಯರು ಯಾಕೆ ಎಂದು ಕೇಳಿದರೆ ‘ರೂಲ್ಸ್’ ಎಂದು ಉತ್ತರ.

ತಾಯಿ ತೀರಿದ ಮೇಲೆ ಅಕ್ಕಾರು ಮುಂಡರಗಿಯಲ್ಲೇ ಇದ್ದ ತಮ್ಮನ ಮನೆಯಲ್ಲಿದ್ದರು. ಒಂದು ಮುಂಜಾನೆ ಬಚ್ಚಲಿಗೆ ಹೋದವರು ಅಲ್ಲೇ ಒರಗಿದರು. ಸುದ್ದಿ ಕೇಳಿ ನಾನು ಹೋದಾಗ ಓಣಿಯ ಮುದುಕ ಮುದುಕಿಯರು ಗುಳಿಗೆಯ ಚೀಲ ಹಿಡಿದುಕೊಂಡೇ ಕಟ್ಟೆಯ ಹತ್ತಿರ ನಿಂತಿದ್ದರು.